ಪಂಪು ಕೆಟ್ಟಿತೇ, ದಾರಿ ಕೆಟ್ಟಿತೇ?

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನು. ಓಮನ ನಿಯಮವನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದು ಅಳಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಆ ನಿಯಮ ನನಗೆ ನಿಜವಾಗಿ ಅರ್ಥವಾದದ್ದು ನಿವೃತ್ತನಾದ ಮೇಲೆ, ಹಾಸನದ ರಸ್ತೆಬದಿಯ ಒಂದು ಷೆಡ್ಡಿನಲ್ಲಿ, ನನ್ನ ಕಾರಿನ ಹಿಂದಿನ ಆಸನವನ್ನು ಕಿತ್ತು ಹೊರಗಿಟ್ಟಿದ್ದ ಒಂದು ಮಧ್ಯಾಹ್ನ. ಆ ಪಾಠಕ್ಕೆ ನಾನು ತೆತ್ತ ದಕ್ಷಿಣೆ ಒಂಬತ್ತು ಸಾವಿರ ರೂಪಾಯಿ. ಅದು ಗುರುವಿಗೆ ಸಲ್ಲಲಿಲ್ಲ ಎಂಬುದೇ ಈ ಕಥೆಯ ಸ್ವಾರಸ್ಯ.

ಅದು ಮಳೆಗಾಲ. ಮಂಗಳೂರಿನಲ್ಲಿ ನನ್ನ ಅಕ್ಕನ ಕಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಅಕ್ಕನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಹಾಸನದಿಂದ ಹೊರಟೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ತಿರುವುಗಳಲ್ಲಿ ಇಳಿಯುತ್ತಿದ್ದಾಗ ಕಾರು ಎರಡು ಸಲ ಮುಗ್ಗರಿಸಿದಂತಾಗಿ ನಿಂತೇಹೋಯಿತು. ಕೀಲಿಕೈ ತಿರುಗಿಸಿದರೆ ಸ್ಟಾರ್ಟರು ಚೆನ್ನಾಗಿಯೇ ಸುತ್ತುತ್ತಿತ್ತು. ದೀಪ ಉರಿಯುತ್ತಿತ್ತು, ಹಾರನ್ನು ಕೂಗುತ್ತಿತ್ತು. ಎಂಜಿನ್ನು ಮಾತ್ರ ಉಸಿರೆತ್ತಲಿಲ್ಲ. ಹೆಂಗಸರಿಬ್ಬರೂ ಬಸ್ಸು ಹತ್ತಿ ಮುಂದೆ ಹೋದರು. ನಾನು ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಒಂದು ಗ್ಯಾರೇಜು ಸೇರಿದೆ. ಅಲ್ಲಿಯ ಹುಡುಗ ಹಿಂದಿನ ಆಸನ ಎತ್ತಿ, ಟ್ಯಾಂಕಿನ ಮೇಲಿರುವ ಪಂಪಿನ ಕನೆಕ್ಟರನ್ನು ಕಳಚಿ, ಅದರ ಎರಡು ತುದಿಗಳಿಗೆ ಮಲ್ಟಿಮೀಟರ್ ಹಚ್ಚಿ, ಕೀಲಿಕೈ ತಿರುಗಿಸಲು ನನಗೆ ಹೇಳಿದ. ಮೀಟರು 12 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ತೋರಿಸಿತು. “ನೋಡಿ ಸಾರ್, ಕರೆಂಟು ಬರ್ತಾ ಇದೆ. ಪಂಪು ಹೋಗಿದೆ,” ಎಂದ. ಭೌತಶಾಸ್ತ್ರದ ಮೇಷ್ಟ್ರು ತಲೆದೂಗಿದರು. ಹೊಸ ಪಂಪು ಬಂದಿತು, ಕಾರು ಹೊರಟಿತು, ಹಳೆಯ ಪಂಪು ಗುಜರಿಗೆ ಹೋಯಿತು.

ಎಂಟು ದಿನಗಳ ನಂತರ, ಕಪ್ಪು ಕನ್ನಡಕ ಹಾಕಿಕೊಂಡ ಅಕ್ಕನನ್ನು ವಾಪಸು ಕರೆತರುತ್ತಿದ್ದೆ. ಕತ್ತಲಾಗಿತ್ತು, ಮಳೆ ಹೊಡೆಯುತ್ತಿತ್ತು. ಅದೇ ಘಾಟಿ, ಅದೇ ಮುಗ್ಗರಿಕೆ, ಅದೇ ಮೌನ. ಹಿಂದಿನಿಂದ ಬರುವ ಲಾರಿಗಳಿಗೆ ಕಾಣಲೆಂದು ನಾನು ಟಾರ್ಚು ಬೀಸುತ್ತ ನಿಂತಿದ್ದೆ. ಒಳಗಿನಿಂದ ಅಕ್ಕ, “ಹೊಸ ಪಂಪು ಹಾಕಿಸಿದೆ ಅಂದೆಯಲ್ಲೋ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅರ್ಧ ಗಂಟೆಯ ಮೇಲೆ ಯಾವ ಅದುರಿಗೋ ಕಾರು ಮತ್ತೆ ಜೀವ ತಳೆದು ನಮ್ಮನ್ನು ಹೇಗೋ ಮನೆ ಮುಟ್ಟಿಸಿತು. ಅಕ್ಕನ ಪ್ರಶ್ನೆಗೆ ಕೊನೆಗೆ ದೊರೆತ ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ರೇಡಿಯೋದಲ್ಲಿ ನಕ್ಷೆ ಬರೆದು ತೋರಿಸಲಾಗದು. ಆದ್ದರಿಂದ ನೀವೇ ಮನಸ್ಸಿನಲ್ಲಿ ಒಂದು ನಕ್ಷೆ ಬರೆದುಕೊಳ್ಳುತ್ತ ಬರಬೇಕು.

ಮೊದಲು ಈ ಪಂಪು ಏನು ಮಾಡುತ್ತದೆಂಬುದನ್ನು ನೋಡೋಣ. ಅಂಬಾಸಡರ್ ಕಾರನ್ನು ಓಡಿಸಿದವರಿಗೆ ಪೆಟ್ರೋಲ್ ಪಂಪಿನ ವಿದ್ಯುತ್ ದೋಷ ಎಂಬ ಮಾತೇ ಹೊಸದು. ಅದರ ಪಂಪನ್ನು ಎಂಜಿನ್ನೇ ತಟ್ಟಿ ತಟ್ಟಿ ನಡೆಸುತ್ತಿತ್ತು. ಅದಕ್ಕೆ ವಿದ್ಯುತ್ತಿನ ಹಂಗಿರಲಿಲ್ಲ. ಮಾರಿಸ್ ಮೈನರ್ ಕಾರಿನಲ್ಲಿದ್ದುದು ಎಸ್.ಯು. ಎಂಬ ಹೆಸರಿನ ವಿದ್ಯುತ್ ಪಂಪು. ಕೀಲಿಕೈ ತಿರುಗಿಸಿದೊಡನೆ ಟಿಕ್ ಟಿಕ್ ಎಂಬ ಸದ್ದು ಕೇಳುತ್ತಿತ್ತು. ಕಾರ್ಬುರೇಟರಿನ ಬಟ್ಟಲು ತುಂಬಿದಂತೆ ಆ ಸದ್ದು ನಿಧಾನವಾಗಿ ಅಡಗುತ್ತಿತ್ತು. ಒಳಗಿನ ಸಂಪರ್ಕ ಬಿಂದುಗಳು ಕರಕಾದರೆ ಪಂಪು ಸುಮ್ಮನಾಗುತ್ತಿತ್ತು. ಬಾನೆಟ್ಟು ಎತ್ತಿ ಮೆಲ್ಲನೆ ಒಂದು ಪೆಟ್ಟು ಕೊಟ್ಟರೆ ಮತ್ತೆ ಟಿಕ್ ಟಿಕ್ ಶುರುವಾಗುತ್ತಿತ್ತು. ಸುಮಾರು 2000ದ ಇಸವಿಯ ಹೊತ್ತಿಗೆ ನಮ್ಮಲ್ಲಿ ಹೊಗೆಯ ನಿಯಮಗಳು ಬಿಗಿಯಾದುವು. ಕಾರ್ಬುರೇಟರು ಹಿಂದೆ ಸರಿದು, ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರುಗಳು ಬಂದುವು. ಇವುಗಳಿಗೆ ಪೆಟ್ರೋಲು ಸುಮಾರು 3 ಬಾರ್ ಒತ್ತಡದಲ್ಲಿ ಬಂದು ನಿಲ್ಲಬೇಕು. ಅದು ಕಾರಿನ ಟೈರಿನೊಳಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚು. ಆ ಒತ್ತಡವನ್ನು ಕೊಡುವುದು ಟ್ಯಾಂಕಿನ ಒಳಗೇ ಕುಳಿತಿರುವ ಒಂದು ವಿದ್ಯುತ್ ಮೋಟಾರು. ಪೆಟ್ರೋಲಿನಲ್ಲಿ ಮುಳುಗಿದ ಮೋಟಾರು ಎಂದರೆ ಎದೆ ಝಲ್ಲೆನ್ನಬಹುದು. ಆದರೆ ಉರಿಯಲು ಪೆಟ್ರೋಲಿನ ಜೊತೆಗೆ ಗಾಳಿ ಬೇಕು. ದ್ರವದೊಳಗೆ ಅದು ಇಲ್ಲ. ಆ ಪೆಟ್ರೋಲೇ ಮೋಟಾರನ್ನು ತಂಪಾಗಿ ಇಡುತ್ತದೆ. ಯಾವಾಗಲೂ ಟ್ಯಾಂಕಿನ ತಳ ಕೆರೆಯುತ್ತ ಕಾರು ಓಡಿಸಿದರೆ ಪಂಪು ಬಿಸಿಯಾಗಿ ಬೇಗ ಸವೆಯುವುದು ಈ ಕಾರಣದಿಂದಲೇ.

ಈಗ ನಕ್ಷೆ. ಬ್ಯಾಟರಿಯ ಧನ ತುದಿಯಿಂದ ವಿದ್ಯುತ್ತು ಹೊರಟು ಮೊದಲು ಫ್ಯೂಸನ್ನು, ಆಮೇಲೆ ರಿಲೇಯನ್ನು ದಾಟುತ್ತದೆ. ಅಲ್ಲಿಂದ ಉದ್ದನೆಯ ತಂತಿಯಲ್ಲಿ ಕಾರಿನ ಹಿಂಭಾಗಕ್ಕೆ ಹೋಗಿ ಪಂಪನ್ನು ಸೇರುತ್ತದೆ. ಪಂಪಿನಲ್ಲಿ ದುಡಿದ ಮೇಲೆ ಇನ್ನೊಂದು ತಂತಿಯ ಮೂಲಕ ಕಾರಿನ ಕಬ್ಬಿಣದ ಮೈಯನ್ನು ಸೇರಿ, ಆ ಮೈಯ ಮೂಲಕವೇ ಬ್ಯಾಟರಿಯ ಋಣ ತುದಿಗೆ ಮರಳುತ್ತದೆ. ಮರಳುವ ಈ ದಾರಿಯನ್ನು ಗ್ಯಾರೇಜಿನವರು ‘ಅರ್ತು’ ಎನ್ನುತ್ತಾರೆ. ಕಾಲುವೆಯ ನೀರು ಗದ್ದೆ ಮುಟ್ಟಿದರೆ ಕೆಲಸ ಮುಗಿಯಿತು, ವಿದ್ಯುತ್ತು ಹಾಗಲ್ಲ. ಹೋದದ್ದು ಹಿಂದಿರುಗಿ ಬಾರದಿದ್ದರೆ ಹೋಗುವುದೂ ನಿಲ್ಲುತ್ತದೆ. ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ; ಬರುವ ದಾರಿಯನ್ನು ಕೇಳುವವರು ಕಡಿಮೆ.

ರಿಲೇ ಎಂದರೆ ಕಾಲುವೆಯ ತೂಬಿನಂತೆ. ಅದರೊಳಗಿನ ಸುರುಳಿಗೆ ಅಲ್ಪ ವಿದ್ಯುತ್ತು ಹರಿದರೆ ಅದು ಅಯಸ್ಕಾಂತವಾಗಿ ಒಂದು ಸಂಪರ್ಕವನ್ನು ಎಳೆದು ಮುಚ್ಚುತ್ತದೆ. ಆಗ ಪಂಪಿಗೆ ಬೇಕಾದಷ್ಟು ದೊಡ್ಡ ಪ್ರವಾಹ ಹರಿಯುತ್ತದೆ. ತೂಬನ್ನು ಎತ್ತುವ ನೀರುಗಂಟಿ ಕಾರಿನ ಕಂಪ್ಯೂಟರು. ಬಹುತೇಕ ಕಾರುಗಳಲ್ಲಿ ಕೀಲಿಕೈ ತಿರುಗಿಸಿದೊಡನೆ ಅದು ಪಂಪನ್ನು ಎರಡು ಮೂರು ಸೆಕೆಂಡು ಮಾತ್ರ ಓಡಿಸಿ ನಿಲ್ಲಿಸುತ್ತದೆ. ಎಂಜಿನ್ನು ತಿರುಗುತ್ತಿದೆಯೆಂಬ ಸುದ್ದಿ ಬಂದ ಮೇಲಷ್ಟೇ ಮತ್ತೆ ಓಡಿಸುತ್ತದೆ. ಇದು ಪ್ರಾಣರಕ್ಷಣೆಯ ಏರ್ಪಾಡು. ಅಪಘಾತದಲ್ಲಿ ಎಂಜಿನ್ನು ನಿಂತು ಪೆಟ್ರೋಲಿನ ಕೊಳವೆ ಒಡೆದಿದ್ದರೆ ಪಂಪು ಪೆಟ್ರೋಲು ಸುರಿಯುತ್ತ ಕೂರಬಾರದು.

ಆ ಎರಡು ಸೆಕೆಂಡುಗಳೇ ನಮ್ಮ ಮೊದಲ ಸಾಕ್ಷಿ. ಅದಕ್ಕೆ ಬೇಕಾದ ಉಪಕರಣ ಕಿವಿ. ಕಾರು ಓಡದೆ ನಿಂತಾಗ ಕಿಟಕಿಗಳನ್ನು ಮುಚ್ಚಿ, ರೇಡಿಯೋ ಆರಿಸಿ, ಎಂಜಿನ್ನು ಸುತ್ತಿಸದೆ ಕೀಲಿಕೈಯನ್ನು ಮಾತ್ರ ತಿರುಗಿಸಿ ಕೇಳಿರಿ. ಹಿಂದಿನ ಆಸನದ ಕೆಳಗಿನಿಂದ ಜೀರುಂಡೆಯಂಥ ಸಣ್ಣ ಗುಂಯ್‌ಗುಡುವಿಕೆ ಎರಡು ಸೆಕೆಂಡು ಕೇಳಿ ನಿಂತರೆ ಪಂಪು ತಿರುಗುತ್ತಿದೆ ಎಂದರ್ಥ. ಒತ್ತಡ ಸಾಲದೆ, ಕಿಡಿ ಇಲ್ಲದೆ, ಸೋಸುಕ ಕಟ್ಟಿಕೊಂಡು ಕಾರು ನಿಂತಿರಬಹುದು. ಸದ್ದೇ ಇಲ್ಲದಿದ್ದರೆ, ಅಥವಾ ಎಂದಿಗಿಂತ ಕುಗ್ಗಿ ಬಳಲಿದಂತೆ ಕೇಳಿದರೆ, ವಿದ್ಯುತ್ತಿನ ದಾರಿಯನ್ನು ಹಿಡಿದು ಹೊರಡಬೇಕು. ಕಾರು ಸರಿಯಾಗಿರುವ ದಿನಗಳಲ್ಲಿಯೇ ಈ ಸದ್ದನ್ನು ಒಮ್ಮೆ ಗಮನವಿಟ್ಟು ಕೇಳಿಟ್ಟುಕೊಳ್ಳಿರಿ. ಆರೋಗ್ಯದ ನಾಡಿ ತಿಳಿಯದವನಿಗೆ ರೋಗದ ನಾಡಿ ತಿಳಿಯದು.

ಹೊರಡುವ ಮೊದಲು ಒಂದು ಎಚ್ಚರಿಕೆ. ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು. ಬೀಡಿ ಸಿಗರೇಟು ದೂರವಿರಲಿ. ಗಾಳಿಯಾಡುವ ಜಾಗದಲ್ಲಿ ಕೆಲಸ ನಡೆಯಲಿ. ಪೆಟ್ರೋಲಿನ ವಾಸನೆ ಬಂದರೆ ಯಾವ ತಂತಿಯನ್ನೂ ಕೀಳಬೇಡಿ, ಹಚ್ಚಬೇಡಿ. ಟ್ಯಾಂಕಿನ ಬಳಿ ತಂತಿ ತಂತಿಗೆ ತಗುಲಿಸಿ ಕಿಡಿ ನೋಡುವ ಹಳೆಯ ಅಭ್ಯಾಸ ಇಲ್ಲಿ ಸಲ್ಲದು. ಕೊಳವೆಗಳನ್ನು ಬಿಚ್ಚುವ ಕೆಲಸವನ್ನು, ಅವುಗಳಲ್ಲಿ ನಿಂತಿರುವ ಒತ್ತಡವನ್ನು ಇಳಿಸಲು ಬಲ್ಲವರಿಗೇ ಬಿಡಬೇಕು.

ಮೊದಲ ನಿಲ್ದಾಣ ಫ್ಯೂಸು. ಯಾವ ಫ್ಯೂಸು ಪಂಪಿನದೆಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಅಥವಾ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಿ ನೋಡಬಹುದು. ಆದರೆ ಫ್ಯೂಸು ಸುಮ್ಮನೆ ಸುಡುವುದಿಲ್ಲ. ಅದು ಮತ್ತೆ ಸುಟ್ಟರೆ, ಎಲ್ಲೋ ತಂತಿಯ ಹೊದಿಕೆ ಸವೆದು ಕಬ್ಬಿಣಕ್ಕೆ ತಗುಲುತ್ತಿದೆ, ಇಲ್ಲವೇ ಪಂಪಿನ ಮೋಟಾರು ಬಿಗಿಹಿಡಿದು ಮಿತಿಮೀರಿ ವಿದ್ಯುತ್ತನ್ನು ಎಳೆಯುತ್ತಿದೆ. ಆಗ ದೊಡ್ಡ ಫ್ಯೂಸನ್ನೋ, ಸಿಗರೇಟಿನ ಪೊಟ್ಟಣದ ಬೆಳ್ಳಿ ಕಾಗದವನ್ನೋ ತುರುಕುವವನು ಕಾವಲುಗಾರನನ್ನು ಕಟ್ಟಿಹಾಕಿ ಕಳ್ಳನನ್ನು ಒಳಗೆ ಬಿಟ್ಟುಕೊಂಡಂತೆ. ಮುಂದೆ ಸುಡುವುದು ತಂತಿ. ಆ ತಂತಿ ಹೋಗುವುದು ಪೆಟ್ರೋಲ್ ಟ್ಯಾಂಕಿಗೆ.

ಎರಡನೆಯದು ರಿಲೇ. ಅನೇಕ ಕಾರುಗಳಲ್ಲಿ ಇದರ ಕಾಲುಗಳ ಬಳಿ 85, 86, 30, 87 ಎಂಬ ಅಂಕಿಗಳಿರುತ್ತವೆ. 85 ಮತ್ತು 86 ಸುರುಳಿಯ ತುದಿಗಳು; 30ರಲ್ಲಿ ಬ್ಯಾಟರಿಯ ವಿದ್ಯುತ್ತು ಬರುತ್ತದೆ, 87ರಿಂದ ಪಂಪಿಗೆ ಹೋಗುತ್ತದೆ. ಕೀಲಿಕೈ ತಿರುಗಿಸಿದಾಗ ರಿಲೇಯ ಮೇಲೆ ಬೆರಳಿಟ್ಟರೆ ಕ್ಲಿಕ್ ಎಂದು ತಟ್ಟುವುದು ತಿಳಿಯುತ್ತದೆ. ತಟ್ಟಿದರೆ ಕಂಪ್ಯೂಟರು ಆಜ್ಞೆ ಕೊಟ್ಟಿದೆ, ಸುರುಳಿ ಪಾಲಿಸಿದೆ ಎಂದಾಯಿತು. ಆದರೆ ಒಳಗಿನ ಸಂಪರ್ಕ ಸುಟ್ಟು ಕರಕಾಗಿದ್ದರೂ ಕ್ಲಿಕ್ ಎನ್ನುತ್ತದೆ; ತೂಬಿನ ಹಿಡಿ ಏರಿದ ಮಾತ್ರಕ್ಕೆ ಹಲಗೆ ಎದ್ದಿತೆಂದು ಹೇಳಲಾಗದು. ಹಾರನ್ನಿನ ರಿಲೇ ಅದೇ ಸಂಖ್ಯೆಯದಾಗಿದ್ದರೆ ಅದನ್ನು ಇಲ್ಲಿಗೆ ಬದಲಿಸಿ ನೋಡುವುದು ಕಾಸಿಲ್ಲದ ಪರೀಕ್ಷೆ. ಕ್ಲಿಕ್ ಎನ್ನದೇ ಇದ್ದರೆ ನೋಟವನ್ನು ಕಂಪ್ಯೂಟರಿನ ಕಡೆಗೆ ತಿರುಗಿಸಬೇಕು. ಕಳ್ಳತನ ತಡೆಯುವ ಇಮ್ಮೊಬಿಲೈಸರು ನಿಮ್ಮ ಕೀಲಿಕೈಯನ್ನು ಗುರುತಿಸದೆ ಇರಬಹುದು. ಅದರ ದೀಪ ಮಿನುಗುತ್ತಿದೆಯೇ ನೋಡಿ. ಕೀಲಿಕೈ ತಿರುಗಿಸಿದಾಗ ಎರಡು ಸೆಕೆಂಡು ಓಡಿದ ಪಂಪು ಎಂಜಿನ್ನು ಸುತ್ತಿಸುವಾಗ ಓಡದಿದ್ದರೆ, ಎಂಜಿನ್ನು ತಿರುಗುತ್ತಿರುವ ಸುದ್ದಿಯನ್ನು ಮುಟ್ಟಿಸುವ ಕ್ರ್ಯಾಂಕ್ ಸೆನ್ಸರಿನ ಮೇಲೆ ಅನುಮಾನ ಹೋಗಬೇಕು. ಅಲ್ಲಿ ಪಂಪು ನಿಂತಿರುವುದು ದೋಷದಿಂದಲ್ಲ, ವಿಧೇಯತೆಯಿಂದ.

ಫ್ಯೂಸು, ರಿಲೇ ಎರಡೂ ಸರಿಯೆನಿಸಿದರೆ ಉಳಿಯುವುದು ತಂತಿಯ ದಾರಿ ಮತ್ತು ಪಂಪು. ನನ್ನ ಗ್ಯಾರೇಜಿನ ಹುಡುಗ ತಪ್ಪಿದ್ದು ಇಲ್ಲಿಯೇ. ಅವನ ಜೊತೆ ನಾನೂ ತಪ್ಪಿದೆ. ಅವನು ವಿದ್ಯುತ್ತನ್ನು ಅಳೆಯಲಿಲ್ಲವೆಂದಲ್ಲ, ಅಳೆದ. ಮೀಟರು ಸುಳ್ಳು ಹೇಳಿತೆಂದೂ ಅಲ್ಲ. ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಹಾಸನದ ಷೆಡ್ಡಿನಲ್ಲಿದ್ದವರು ಅರವತ್ತು ದಾಟಿದ ಒಬ್ಬ ಆಟೋ ಎಲೆಕ್ಟ್ರೀಷಿಯನ್. ನನ್ನ ಕಥೆಯನ್ನೆಲ್ಲ ಕೇಳಿ, “ಕನೆಕ್ಟರ್ ಕಳಚಿ ಅಳೆದರಾ?” ಎಂದರು. ಹೌದೆಂದೆ. “ಗಾಡಿ ಕಟ್ಟದೆ ಎತ್ತಿನ ಬಲ ಗೊತ್ತಾಗುತ್ತಾ, ಮೇಷ್ಟ್ರೇ?” ಎಂದು ನಕ್ಕರು. ನಾಚಿಕೆಯಾಯಿತು. ನಾನೇ ಮಕ್ಕಳಿಗೆ ಹೇಳಿದ್ದ ಪಾಠ ಅದು.

ಜರ್ಮನಿಯ ಗಿಯಾರ್ಗ್ ಸೈಮನ್ ಓಮ್ ತನ್ನ ನಿಯಮವನ್ನು ವಿವರಿಸಿದ ಪುಸ್ತಕ ಪ್ರಕಟವಾದದ್ದು 1827ರಲ್ಲಿ. ಅದಕ್ಕೆ ಆಧಾರವಾದ ಪ್ರಯೋಗಗಳನ್ನು ಆತ ನಡೆಸಿದ್ದು ಕಲೋನ್ ನಗರದಲ್ಲಿ ಶಾಲಾ ಉಪಾಧ್ಯಾಯನಾಗಿದ್ದಾಗ. ಅವನು ಹೇಳಿದ್ದು ಇಷ್ಟು: ಒಂದು ತಡೆಯಲ್ಲಿ ಕಳೆದುಹೋಗುವ ವೋಲ್ಟು ಅದರ ರೋಧವನ್ನು ಅದರ ಮೂಲಕ ಹರಿಯುವ ಪ್ರವಾಹದಿಂದ ಗುಣಿಸಿದಷ್ಟು. ಪ್ರವಾಹವೇ ಇಲ್ಲದಿದ್ದರೆ ನಷ್ಟವೂ ಇಲ್ಲ. ಈಗಿನ ಡಿಜಿಟಲ್ ಮೀಟರಿನ ಒಳರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಪಂಪನ್ನು ಕಳಚಿ ಆ ಜಾಗಕ್ಕೆ ಮೀಟರು ಹಚ್ಚಿದರೆ ಹರಿಯುವ ಪ್ರವಾಹ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ದಾರಿಯಲ್ಲಿ ಎಂಥ ತುಕ್ಕು ಹಿಡಿದ ಕೊಂಡಿಯಿದ್ದರೂ ಅಷ್ಟು ಸಣ್ಣ ಪ್ರವಾಹವನ್ನು ಅದು ತಡೆಯದು. ಮೀಟರು ಪೂರ್ತಿ 12 ವೋಲ್ಟು ತೋರಿಸುತ್ತದೆ. ಆದರೆ ಪಂಪಿಗೆ ಬೇಕಾದದ್ದು ಸುಮಾರು 5 ಆಂಪಿಯರು. ಒಬ್ಬ ದಾಟಬಲ್ಲ ಕಾಲುಸಂಕದ ಮೇಲೆ ಜಾತ್ರೆಯ ಜನ ದಾಟಲಾರರು. ಸಂಕ ಗಟ್ಟಿಯಿದೆಯೇ ಎಂದು ನೋಡಬೇಕಾದದ್ದು ಜಾತ್ರೆಯ ದಿನ.

ಆ ಹಿರಿಯರು ಮಾಡಿದ್ದನ್ನು ಹೇಳುತ್ತೇನೆ. ಕನೆಕ್ಟರನ್ನು ಮತ್ತೆ ಪಂಪಿಗೆ ಸೇರಿಸಿದರು. ಮುಂದೆ ಹೋಗಿ ರಿಲೇಯನ್ನು ಕಿತ್ತು, ಅದರ ಗೂಡಿನ 30 ಮತ್ತು 87ರ ನಡುವೆ, ಮಧ್ಯದಲ್ಲಿ ಅಷ್ಟೇ ಆಂಪಿಯರಿನ ಫ್ಯೂಸು ಇರುವ ಒಂದು ತುಂಡು ತಂತಿಯನ್ನು ಸೇರಿಸಿದರು. ಪಂಪು ಎರಡು ಸೆಕೆಂಡಿಗೆ ನಿಲ್ಲದೆ ಓಡತೊಡಗಿತು. ಆದರೆ ಅದರ ದನಿ ಸೋತಿತ್ತು. ಕೆಲವು ಹೊಸ ಕಾರುಗಳಲ್ಲಿ ರಿಲೇಯ ಬದಲು ಪಂಪಿನ ವೇಗವನ್ನೇ ಏರಿಳಿಸುವ ಎಲೆಕ್ಟ್ರಾನಿಕ್ ಘಟಕವಿರುತ್ತದೆ. ಅಲ್ಲಿ ಈ ಉಪಾಯಕ್ಕೆ ಕೈಹಾಕಬಾರದು. ಆಮೇಲೆ ಕನೆಕ್ಟರಿನ ಹಿಂಬದಿಯಿಂದ ತೆಳ್ಳನೆಯ ಸೂಜಿ ತೂರಿಸಿ, ಪಂಪು ಓಡುತ್ತಿರುವಾಗಲೇ ನಾಲ್ಕು ಅಳತೆ ತೆಗೆದರು.

ಬ್ಯಾಟರಿಯ ಎರಡು ತುದಿಗಳ ನಡುವೆ 12.4 ವೋಲ್ಟು. ಪಂಪಿನ ಎರಡು ತುದಿಗಳ ನಡುವೆ 8.5. ಉಳಿದ 3.9 ವೋಲ್ಟು ಎಲ್ಲಿ? ಬ್ಯಾಟರಿಯ ಧನ ತುದಿಗೂ ಪಂಪಿನ ಧನ ತುದಿಗೂ ನಡುವೆ 0.3. ಹೋಗುವ ದಾರಿ ಚೆನ್ನಾಗಿದೆ. ಅಲ್ಲಿ ಅರ್ಧ ವೋಲ್ಟಿನವರೆಗೆ ಸಹಿಸಬಹುದು. ಪಂಪಿನ ಋಣ ತುದಿಗೂ ಬ್ಯಾಟರಿಯ ಋಣ ತುದಿಗೂ ನಡುವೆ 3.6. ಮರಳುವ ದಾರಿಯಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಳೆಯಬಾರದು. ಕಳ್ಳ ಸಿಕ್ಕಿದ. 8.5, 0.3, 3.6, ಕೂಡಿಸಿ ನೋಡಿ, 12.4. ಜಮಾ ಖರ್ಚಿನ ಪುಸ್ತಕದಂತೆ ಲೆಕ್ಕ ಕೂಡಿಬಂದಿತು. 5 ಆಂಪಿಯರಿಗೆ 3.6 ವೋಲ್ಟು ಕಳೆಯಬೇಕಾದರೆ ರೋಧ 0.72 ಓಮ್; ಒಂದು ಓಮಿಗೂ ಕಡಿಮೆ. ಅಷ್ಟರಿಂದಲೇ 18 ವ್ಯಾಟಿನ ಶಕ್ತಿ ಪಂಪಿಗೆ ದಕ್ಕದೆ ಒಂದು ಕೊಂಡಿಯಲ್ಲಿ ಬಿಸಿಯಾಗಿ ಕಳೆದುಹೋಗುತ್ತಿತ್ತು.

ಆ ಕೊಂಡಿ ಆಸನದ ಕೆಳಗೇ ಇತ್ತು. ಕಪ್ಪು ತಂತಿಯ ತುದಿಯ ಉಂಗುರವನ್ನು ಕಾರಿನ ಮೈಗೆ ಬಿಗಿದಿದ್ದ ಬೋಲ್ಟಿನ ಸುತ್ತ ನೀರು ಇಳಿದು ತುಕ್ಕು ಕಟ್ಟಿತ್ತು. ಗ್ಯಾರೇಜಿನಲ್ಲಿ ಪಂಪು ಬದಲಿಸುವಾಗ ಆ ತಂತಿ ಅಲುಗಿ, ಉಂಗುರ ಒಂದಿಷ್ಟು ಹೊಸ ಜಾಗಕ್ಕೆ ತಗುಲಿ, ಎಂಟು ದಿನದ ಆಯುಸ್ಸು ಪಡೆದಿತ್ತು. ಹೊಸ ಪಂಪಿನಿಂದ ಕಾರು ಓಡಿತೆಂದು ನಾವು ನಂಬಿದೆವು. ಓಡಿಸಿದ್ದು ಆ ಅಲುಗಾಟ. ಔಷಧ ಕೊಟ್ಟ ಮೇಲೆ ಜ್ವರ ಬಿಟ್ಟಿತೆಂದ ಮಾತ್ರಕ್ಕೆ ಔಷಧದಿಂದಲೇ ಬಿಟ್ಟಿತೆಂದು ಹೇಳಲಾದೀತೇ?

ಪಂಪು ಎಂದೂ ತಪ್ಪಿತಸ್ಥನಲ್ಲವೆಂದು ನಾನು ವಕಾಲತ್ತು ವಹಿಸುತ್ತಿಲ್ಲ. ಓಡಬೇಕಾದ ಹೊತ್ತಿನಲ್ಲಿ ಅದರ ತುದಿಗಳ ನಡುವೆ ಸರಿಯಾದ ವೋಲ್ಟು ಇದ್ದೂ ಅದು ಸುಮ್ಮನಿದ್ದರೆ, ಅಥವಾ ಟ್ಯಾಂಕಿನ ತಳಕ್ಕೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದೊಡನೆ ಓಡತೊಡಗಿದರೆ, ಮೋಟಾರಿನ ಒಳಗಿನ ಬ್ರಷ್ಷುಗಳು ಸವೆದಿವೆ ಎಂದು ತಿಳಿಯಬಹುದು. ಆಗ ಹೊಸ ಪಂಪಿಗೆ ಹಣ ತೆರುವುದೇ ನ್ಯಾಯ. ಆದರೆ ಆ ತೀರ್ಪು ಎರಡೂ ದಾರಿಗಳ ಸಾಕ್ಷ್ಯ ಮುಗಿದ ಮೇಲೆ ಬರಬೇಕು. ಆದ್ದರಿಂದ ಇನ್ನು ಯಾರಾದರೂ ನಿಮ್ಮ ಕಾರಿನ ಪಂಪು ಹೋಗಿದೆ ಎಂದರೆ ಒಂದೇ ಒಂದು ಪ್ರಶ್ನೆ ಕೇಳಿರಿ: “ಪಂಪು ಜೋಡಿಸಿದ್ದಾಗಲೇ ಅಳೆದಿರಾ, ಎರಡೂ ಕಡೆ?” ಹೌದೆಂದರೆ ನೆಮ್ಮದಿಯಿಂದ ಹಣ ಕೊಡಿ. ಇಲ್ಲವೆಂದರೆ, ಇನ್ನು ಹತ್ತು ನಿಮಿಷ ನೋಡಲು ವಿನಯದಿಂದ ಕೇಳಿಕೊಳ್ಳಿ.

ಹಿರಿಯರು ಬೋಲ್ಟನ್ನು ಬಿಚ್ಚಿ, ಕಬ್ಬಿಣ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ತಂತಿಗೆ ಹೊಸ ಉಂಗುರ ಕೂರಿಸಿ, ಬಿಗಿದು, ಮೇಲೆ ಗ್ರೀಸು ಸವರಿದರು. ಮತ್ತೆ ಅಳೆದರು: 0.1. ಪಂಪಿನ ದನಿ ಏರಿತು. ಇಬ್ಬರೂ ಸುಮ್ಮನೆ ನಿಂತು ಅದನ್ನು ಕೇಳಿದೆವು. ಅವರು ಕೇಳಿದ ಕೂಲಿ ಇನ್ನೂರು ರೂಪಾಯಿ. ಹೆಚ್ಚು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಕನ್ನಡಕ ತೆಗೆದು ನನ್ನನ್ನು ಸ್ಪಷ್ಟವಾಗಿ ನೋಡಿ, “ಹಾಗಾದರೆ ಆ ಹಳೆಯ ಪಂಪು ಚೆನ್ನಾಗಿಯೇ ಇತ್ತೇನೋ?” ಎಂದಳು. ಇದ್ದಿರಬೇಕು. ಗುಜರಿಗೆ ಹೋದದ್ದನ್ನು ಕರೆಸಿ ಕೇಳುವಂತಿಲ್ಲ.